ಮಾದರಿ ಸಂಖ್ಯೆ ಹದಿನೇಳು

ನಮ್ಮ ಭಾವನ ಹೆಸರಿಗೆ ಒಂದು ಕಾಗದ ಬಂತು. ಕಾಗದ ಎಲ್ಲರಿಗೂ ಬರುತ್ತದೆ, ಇದರಲ್ಲೇನು ಹೆಚ್ಚುಗಾರಿಕೆ ಎಂದು ಕೇಳುವವರಿಗೆ ಭಾವನ ಉದ್ಯೋಗ ಗೊತ್ತಿಲ್ಲ ಎಂದೇ ಅರ್ಥ. ಅವರು ನೀರು ಸರಬರಾಜು ಕಚೇರಿಯಲ್ಲಿ ಟಪಾಲು ಗುಮಾಸ್ತರು. ಬಂದ ಕಾಗದವನ್ನು ಆವಕ ಪುಸ್ತಕದಲ್ಲಿ ಬರೆಯುವುದು, ಹೋಗುವ ಕಾಗದಕ್ಕೆ ಅಂಟು ಹಚ್ಚುವುದು, ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ. ಅಷ್ಟು ವರ್ಷದಲ್ಲಿ ಅವರ ಸ್ವಂತ ಹೆಸರಿಗೆ ಕಚೇರಿ ಮೊಹರು ಒತ್ತಿದ ಲಕೋಟೆ ಒಂದೂ ಬಂದಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮಕ್ಕ ತವರಿನಿಂದ ಬರೆದ ಪ್ರೀತಿಯ ಪತ್ರವನ್ನು ಕೂಡ ಅವರು ಮೊದಲು ಆವಕ ಪುಸ್ತಕದಲ್ಲಿ ನಮೂದಿಸಿ ಆಮೇಲೆ ಒಡೆದರಂತೆ. ಅಕ್ಕ ಅದನ್ನು ಇವತ್ತಿಗೂ ಮರೆತಿಲ್ಲ.

ಈ ಕಾಗದ ವಿಶ್ವವಿದ್ಯಾಲಯದಿಂದ ಬಂದಿತ್ತು. ಭಾವ ಅದನ್ನು ಹಿಡಿದುಕೊಂಡು ನೇರವಾಗಿ ನನ್ನ ಚಪ್ಪಲಿ ಅಂಗಡಿಗೆ ಬಂದರು. ಅಂಗಡಿ ಇರುವುದು ದೊಡ್ಡ ರಸ್ತೆಯ ಸಿಗ್ನಲ್ಲಿನ ಪಕ್ಕದಲ್ಲಿ. ಅದರ ಮೇಲಿನ ಮಹಡಿಯಲ್ಲೇ ಅಕ್ಕ, ಭಾವ, ಭಾವನ ತಾಯಿ ಇರುವುದು. ಆ ಹೊತ್ತಿಗೆ ಅಂಗಡಿಯಲ್ಲಿ ನಿವೃತ್ತ ಮೇಷ್ಟ್ರು ಕೂತಿದ್ದರು. ಮೇಷ್ಟ್ರು ನನ್ನ ಅಂಗಡಿಗೆ ದಿನವೂ ಬರುತ್ತಾರೆ, ಚಪ್ಪಲಿಗಲ್ಲ, ಪೇಪರಿಗೆ.

"ಓದಿ ಮೇಷ್ಟ್ರೇ, ಸ್ವಲ್ಪ ಗಟ್ಟಿಯಾಗಿ ಓದಿ," ಎಂದರು ಭಾವ.

ಮೇಷ್ಟ್ರು ಓದಿದರು. "'ನಗರ ಸಂಚಾರವನ್ನು ಕುರಿತ ಗಣಿತ ಸಂಶೋಧನೆಗೆ ತಮ್ಮನ್ನು ಮಾದರಿ ಪಾದಚಾರಿಯಾಗಿ ಆಯ್ಕೆ ಮಾಡಲಾಗಿದೆ. ಆರು ವಾರಗಳ ಕಾಲ ತಾವು ಎಂದಿನಂತೆ ನಡೆಯತಕ್ಕದ್ದು.'"

ಓದಿ ಮುಗಿಸಿ ಅವರು ಕನ್ನಡಕ ತೆಗೆದರು. ಮೇಷ್ಟ್ರಿಗೆ ಹಿಂದೊಮ್ಮೆ ಮಾದರಿ ಶಿಕ್ಷಕ ಎಂದು ಫಲಕ ಸಿಕ್ಕಿತ್ತು. ಅದು ನಮ್ಮ ಬೀದಿಯಲ್ಲಿ ಯಾರಿಗಾದರೂ ಗೊತ್ತಿಲ್ಲದಿದ್ದರೆ ಅದು ಮೇಷ್ಟ್ರ ತಪ್ಪಲ್ಲ.

"ಮಾದರಿ ಅಂದ್ರೆ ಏನು ಅಂತ ತಿಳ್ಕೊಂಡಿದೀಯಪ್ಪಾ? ಹತ್ತು ಜನ ನೋಡಿ ಕಲೀಬೇಕು, ಅಂಥವನು ಅಂತ. ನನ್ನನ್ನ ಆರಿಸಿದಾಗ ಇಡೀ ವಿಭಾಗಕ್ಕೆ ನಾನೊಬ್ಬನೇ."

"ನಡೆಯತಕ್ಕದ್ದು ಅಂತ ಬರೆದಿದಾರಲ್ಲ, ಅದಕ್ಕೆ?"

"ನಡೆ ಅಂದ್ರೆ ನಡಿಗೇನೂ ಹೌದು, ನಡತೇನೂ ಹೌದು. ಎರಡೂ ನೆಟ್ಟಗಿರ್ಬೇಕು."

"ಎಂದಿನಂತೆ ಅಂತ ಬೇರೆ ಇದೆಯಲ್ಲ ಮೇಷ್ಟ್ರೇ," ಎಂದು ನಾನು ಬಾಯಿ ಹಾಕಿದೆ.

"ಅದು ಮರ್ಯಾದೆಗೆ ಬರೆಯೋದು ಕಣಯ್ಯಾ. ಊಟಕ್ಕೆ ಕರೆದವರು 'ಸಂಕೋಚ ಮಾಡ್ಕೋಬೇಡಿ' ಅನ್ನಲ್ವಾ? ಹಾಗಂತ ಯಾರಾದ್ರೂ ಸಂಕೋಚ ಬಿಡ್ತಾರಾ?"

ಊರಿನಲ್ಲಿ ಇಷ್ಟು ಜನರಿರುವಾಗ ನಮ್ಮ ಭಾವನೇ ಏಕೆ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂತು. ಚಪ್ಪಲಿ ಮಾರುವವನಿಗೆ ಮನುಷ್ಯರ ನಡಿಗೆ ಅವರ ಹಿಮ್ಮಡಿಯಿಂದಲೇ ಗೊತ್ತಾಗುತ್ತದೆ. ಭಾವ ಕಾಲೆಳೆದುಕೊಂಡು, ಅಂಗಡಿಯ ಬೋರ್ಡುಗಳನ್ನೆಲ್ಲ ಓದಿಕೊಂಡು, ದಾರಿಯಲ್ಲಿ ಎರಡು ಸಲ ಆಕಳಿಸಿಕೊಂಡು ನಡೆಯುವ ಆಸಾಮಿ. ಆದರೆ ಅಷ್ಟರಲ್ಲಿ ಅವರು ನನ್ನ ಕಪಾಟಿನ ಅತಿ ದುಬಾರಿ ಬೂಟಿನ ಕಡೆ ಬೆರಳು ತೋರಿಸಿದ್ದರಿಂದ ನಾನು ಪ್ರಶ್ನೆಯನ್ನು ನುಂಗಿಕೊಂಡೆ.

ಮರುವಾರ ವಿಶ್ವವಿದ್ಯಾಲಯದಿಂದ ಗಣಿತದ ಮೇಡಂ ಬಂದರು. ಅವರ ಕೈಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ, ಅದರ ಮೇಲೆ ಹದಿನೇಳು ಎಂಬ ಚೀಟಿ. ಅಂಥವು ಇಪ್ಪತ್ತು ಜನರ ಹತ್ತಿರ ಇವೆಯಂತೆ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಸಾಕು, ನಮ್ಮ ಸಿಗ್ನಲ್ಲಿನಲ್ಲಿ ರಸ್ತೆ ದಾಟಲು ಎಷ್ಟು ಸೆಕೆಂಡು ಹಿಡಿಯಿತೆಂದು ಅದೇ ಬರೆದುಕೊಳ್ಳುತ್ತದೆ.

"ಪ್ರತಿ ಸಲಾನೂ ಬರ್ಕೊಳ್ಳುತ್ತಾ?" ಭಾವ ಕೇಳಿದರು.

"ಪ್ರತಿ ಸಲಾನೂ."

"ಎಷ್ಟು ಸಲ ದಾಟಿದ್ರೂ?"

"ಎಷ್ಟು ಸಲ ದಾಟಿದ್ರೂ ಸಾರ್. ಆದ್ರೆ ನೀವು ಅದನ್ನ ಮರೆತುಬಿಡಿ. ಅದು ಸೊಂಟದಲ್ಲಿದೆ ಅಂತಾನೇ ಅನ್ಕೋಬೇಡಿ."

ಮೇಡಂ ಒಳ್ಳೆಯ ಹೆಣ್ಣುಮಗಳು. ಅವರಿಗೆ ಗಣಿತ ಚೆನ್ನಾಗಿ ಗೊತ್ತಿತ್ತು, ನಮ್ಮ ಭಾವ ಗೊತ್ತಿರಲಿಲ್ಲ.

ಆ ಸೋಮವಾರದಿಂದ ನಮ್ಮ ಬೀದಿ ಹಿಂದೆಂದೂ ಕಾಣದ ನಡಿಗೆಯನ್ನು ಕಂಡಿತು. ಹಸಿರು ದೀಪ ಹತ್ತುವುದೇ ತಡ, ಭಾವ ಎದೆಯುಬ್ಬಿಸಿ, ಗಲ್ಲ ಮೇಲೆತ್ತಿ, ಎರಡೂ ಕೈ ಬೀಸುತ್ತ ಹೊರಡುತ್ತಿದ್ದರು. ನಡತೆಯೂ ನೆಟ್ಟಗಿರಬೇಕಲ್ಲ, ಹಾಗಾಗಿ ನಿಂತ ಕಾರುಗಳಿಗೆಲ್ಲ ಸಾಲಾಗಿ ನಮಸ್ಕಾರ ಮಾಡುತ್ತ ಹೋಗುತ್ತಿದ್ದರು. ಆ ಕಡೆಯ ಫುಟ್‌ಪಾತ್ ಮುಟ್ಟಲು ಎಂಟು ಸೆಕೆಂಡು. ಮುಟ್ಟಿದವರು ಅಲ್ಲೇ ತಿರುಗಿ ನಿಂತು ಮುಂದಿನ ಹಸಿರಿಗೆ ಕಾಯುತ್ತಿದ್ದರು, ಏಕೆಂದರೆ ಡಬ್ಬಿ ಪ್ರತಿ ಸಲವೂ ಬರೆದುಕೊಳ್ಳುತ್ತದೆ. ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ ಹದಿನಾರು ಸಲ, ಸಂಜೆ ಬಂದ ಮೇಲೆ ಹದಿನೆಂಟು ಸಲ.

"ನಿಮ್ಮ ಭಾವಂಗೆ ಏನಾಗಿದ್ಯೋ?" ಎಂದು ಅಕ್ಕ ಮೂರನೇ ದಿನವೇ ಕೇಳಿದಳು. "ಮನೇಲಿ ಒಂದು ಲೋಟ ನೀರು ತಗೊಂಡು ಬನ್ನಿ ಅಂದ್ರೆ ಕಾಲು ಗಂಟೆ. ರಸ್ತೇಲಿ ನೋಡಿದ್ರೆ ಬಾಲಕ್ಕೆ ಬೆಂಕಿ ಹತ್ತಿದ ಹಾಗೆ ಓಡ್ತಾರೆ."

"ಓಡ್ತಿಲ್ಲ ಕಣೇ, ನಡೀತಿದೀನಿ," ಎಂದು ಭಾವ ಮಹಡಿಯ ಮೆಟ್ಟಿಲಿನಿಂದಲೇ ತಿದ್ದಿದರು.

ಎದುರುಗಡೆಯ ಕ್ಷೌರದವನು ಅವರನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳತೊಡಗಿದ. ಮೇಷ್ಟ್ರು ಅಂಗಡಿಯ ಬಾಗಿಲಲ್ಲಿ ನಿಂತು "ಮೊಣಕಾಲು ಮಡಿಸಬೇಡ, ಮೊಣಕಾಲು!" ಎಂದು ಪಾಠ ಹೇಳುತ್ತಿದ್ದರು. ಆರು ವಾರದಲ್ಲಿ ಭಾವ ಒಂದು ಜೊತೆ ಬೂಟಿನ ತಳ ಸವೆಸಿದರು. ನಾನು ಎರಡನೇ ಜೊತೆಯನ್ನು ಬಂಧುತ್ವ ನೋಡಿ ಕೊಟ್ಟೆ. ಆಮೇಲೆ ಮೇಡಂ ಬಂದು ಡಬ್ಬಿ ತೆಗೆದುಕೊಂಡು ಹೋದರು, ಭಾವ ಮತ್ತೆ ಕಾಲೆಳೆಯತೊಡಗಿದರು, ಎಲ್ಲರೂ ವಿಷಯ ಮರೆತರು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ಪೇಪರು ಹಿಡಿದುಕೊಂಡು ಕೂಗಿದರು. ನಮ್ಮ ವೃತ್ತದ ಪಾದಚಾರಿಗಳು ಊರಿಗೆಲ್ಲ ಚುರುಕಿನವರೆಂದು ಸಂಶೋಧನೆಯಿಂದ ತಿಳಿದುಬಂದಿದೆಯಂತೆ. ಆದ್ದರಿಂದ ರಸ್ತೆ ದಾಟುವವರ ಹಸಿರನ್ನು ಇಪ್ಪತ್ತನಾಲ್ಕು ಸೆಕೆಂಡಿನಿಂದ ಹದಿಮೂರಕ್ಕೆ ಇಳಿಸಲಾಗಿದೆಯಂತೆ. ಉಳಿದ ಹನ್ನೊಂದು ಸೆಕೆಂಡನ್ನು ಒಬ್ಬ ಹಣಕಾಸು ತಜ್ಞರು ವರ್ಷದ ಅಷ್ಟೂ ಕಾರುಗಳಿಂದ ಗುಣಿಸಿ, ಊರಿಗೆ ಇಷ್ಟು ಲಾಭ ಎಂದು ತೋರಿಸಿದ್ದರು. ಆ ಸಂಖ್ಯೆ ಪೇಪರಿನ ಒಂದು ಸಾಲಿನಲ್ಲಿ ಹಿಡಿಸದೆ ಎರಡನೇ ಸಾಲಿಗೆ ಇಳಿದಿತ್ತು.

"ನೋಡಿದ್ರಾ! ನಮ್ಮಿಂದ!" ಎಂದರು ಮೇಷ್ಟ್ರು. ಭಾವನ ಸಂತೋಷಕ್ಕೆ ಪಾರವಿರಲಿಲ್ಲ. ಆ ಸಂತೋಷ ಸಂಜೆ ನಾಲ್ಕರ ತನಕ ಇತ್ತು.

ನಾಲ್ಕಕ್ಕೆ ಅತ್ತೆ ಮಹಡಿ ಇಳಿದರು. ಭಾವನ ತಾಯಿ ಎಂದರೆ ನನಗೂ ಅತ್ತೆಯೇ. ಎಪ್ಪತ್ತೆಂಟು ವರ್ಷ, ಮೊಣಕಾಲು ನೋವು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುವ ನಡಿಗೆ. ಅವರ ತಂಗಿ, ಭಾವನ ಚಿಕ್ಕಮ್ಮ, ಇರುವುದು ರಸ್ತೆಯ ಆಚೆ, ಸರಿಯಾಗಿ ನಮ್ಮ ಅಂಗಡಿಯ ಎದುರಿನ ಮನೆಯಲ್ಲಿ. ಮನೆಯಲ್ಲೇ ಹೊಲಿಗೆ ಮಾಡುವುದರಿಂದ ಚಿಕ್ಕಮ್ಮ ಯಂತ್ರ ಬಿಟ್ಟು ಬರುವ ಹಾಗಿಲ್ಲ. ಹನ್ನೆರಡು ವರ್ಷದಿಂದ ದಿನವೂ ನಾಲ್ಕು ಗಂಟೆಗೆ ಅತ್ತೆ ಪೇಪರು ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟುತ್ತಾರೆ. ಆಮೇಲೆ ಇಬ್ಬರೂ ಕೂತು ಪದಬಂಧ ತುಂಬುತ್ತಾರೆ. ಅತ್ತೆಗೆ ಕಣ್ಣು ಮಂಜು, ಪದ ಗೊತ್ತು. ಚಿಕ್ಕಮ್ಮನಿಗೆ ಕಣ್ಣು ಚುರುಕು, ಪದ ನೆನಪಾಗುವುದಿಲ್ಲ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಒಂದು ಮನೆಯೂ ತುಂಬುವುದಿಲ್ಲ.

ರಸ್ತೆ ದಾಟಲು ಅತ್ತೆಗೆ ಇಪ್ಪತ್ತಮೂರು ಸೆಕೆಂಡು ಬೇಕು. ಮಿಕ್ಕ ಒಂದು ಸೆಕೆಂಡಿನಲ್ಲಿ ಅವರು ಆ ಕಡೆ ತಿರುಗಿ ನಿಂತು, ತಮಗಾಗಿ ನಿಂತಿದ್ದ ಕಾರುಗಳನ್ನೊಮ್ಮೆ ನೋಡುತ್ತಿದ್ದರು.

ಅವತ್ತು ಅರ್ಧಕ್ಕೆ ಬರುವಷ್ಟರಲ್ಲಿ ದೀಪ ಕೆಂಪಾಯಿತು. ಎರಡೂ ಕಡೆಯಿಂದ ಹಾರ್ನು. ಅತ್ತೆ ನಡುರಸ್ತೆಯಲ್ಲಿ ಪೇಪರನ್ನು ಎದೆಗವಚಿಕೊಂಡು ನಿಂತುಬಿಟ್ಟರು. ನಾನು ಗಿರಾಕಿಯ ಕಾಲನ್ನು ಬೂಟಿನಲ್ಲಿ ಅರ್ಧಕ್ಕೆ ಬಿಟ್ಟು ಓಡಿ ಅವರನ್ನು ಹಿಂದಕ್ಕೆ ಕರೆತಂದೆ. ಅಂಗಡಿಯ ಸ್ಟೂಲಿನ ಮೇಲೆ ಕೂತ ಮೇಲೂ ಅವರು ಪೇಪರನ್ನು ಎದೆಯಿಂದ ಇಳಿಸಲಿಲ್ಲ.

"ನನ್ನ ಕಾಲು ಇಷ್ಟು ಬೇಗ ಸೋತುಹೋಯ್ತೇನೋ?" ಎಂದರು ಅತ್ತೆ. "ನಿನ್ನೆ ಸರಿಯಾಗೇ ಇತ್ತು."

ಆ ವಾರವೆಲ್ಲ ಪ್ರಯತ್ನ ನಡೆಯಿತು. ಭಾವ ಕೈಹಿಡಿದು ಎಳೆದುಕೊಂಡು ಹೋಗಲು ನೋಡಿದರು, "ನಾನೇನು ಸಾಮಾನೇನೋ?" ಎಂದು ಅತ್ತೆ ಕೈ ಕೊಸರಿಕೊಂಡರು. ಮುಂದಿನ ಸಿಗ್ನಲ್ಲಿಗೆ ಆಟೋದಲ್ಲಿ ಹೋಗಿ ಸುತ್ತಿ ಬರೋಣ ಎಂದಳು ಅಕ್ಕ. ಎದುರು ಮನೆಗೆ ಆಟೋದಲ್ಲಿ ಹೋಗುವಷ್ಟು ತಾನಿನ್ನೂ ಕೆಟ್ಟಿಲ್ಲ ಎಂದರು ಅತ್ತೆ. ಫೋನಿನಲ್ಲಿ ಪದಬಂಧ ಮಾಡಿ ಎಂದರೆ, "ಅವಳು ಫೋನಿನಲ್ಲಿ ಒಂದು ಮನೆ ಬಿಟ್ಟು ಇನ್ನೊಂದು ಮನೇಲಿ ಬರೀತಾಳೆ, ನಾನು ಪಕ್ಕದಲ್ಲಿರ್ಬೇಕು," ಎಂದರು. ಕೊನೆಗೆ ಅಕ್ಕತಂಗಿಯರೇ ಒಂದು ದಾರಿ ಕಂಡುಕೊಂಡರು. ಅತ್ತೆ ನನ್ನ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಚಿಕ್ಕಮ್ಮ ಇನ್ನೊಂದು ಪೇಪರು ತರಿಸಿ, ಯಂತ್ರದ ಮೇಲೊಂದು ಕಣ್ಣಿಟ್ಟು, ತಮ್ಮ ಮನೆಯ ಮುಂದಿನ ಫುಟ್‌ಪಾತಿನಲ್ಲಿ ನಿಂತು ಕೂಗತೊಡಗಿದರು. ಕಾರುಗಳು ನಿಂತಾಗ ಪ್ರಶ್ನೆ, ಮುಂದಿನ ಸಲ ನಿಂತಾಗ ಉತ್ತರ. ಒಂದು ಪದಬಂಧಕ್ಕೆ ಎರಡು ಗಂಟೆ. ನನ್ನ ವ್ಯಾಪಾರದ ಮಾತು ಇಲ್ಲಿ ಬೇಡ.

ಭಾವ ಕಚೇರಿಯಿಂದ ಬಂದು ಪೆಚ್ಚುಮೋರೆ ಹಾಕಿಕೊಂಡು ತಾಯಿಯ ಪಕ್ಕದಲ್ಲಿ ನಿಲ್ಲುತ್ತಿದ್ದರು. ಹಾಗೆ ನಿಂತಿದ್ದಾಗಲೇ ಒಂದು ದಿನ ಚಿಕ್ಕಮ್ಮ ಆಚೆಯಿಂದ ಕೂಗಿದರು.

"ಅಕ್ಕಾ! ಮೇಲಿಂದ ಕೆಳಗೆ ಏಳು! ಬಟ್ಟೆ ಅಂಗಡಿಯವನು ಕತ್ತರಿಸಿ ತೋರಿಸೋ ತುಂಡು! ಮೂರಕ್ಷರ!"

ಕಾರುಗಳು ಹೊರಟವು. ಅತ್ತೆ ಯೋಚಿಸಿದರು. ತುಟಿ ಅಲ್ಲಾಡಿಸಿದರು. ಕಾರುಗಳು ನಿಂತವು. ಅತ್ತೆ ಕೂಗಲೆಂದು ಬಾಯಿ ತೆರೆದವರು "ಮಾದ..." ಎಂದು ಅಲ್ಲಿಗೇ ನಿಲ್ಲಿಸಿ, ಮೆಲ್ಲಗೆ ಮಗನ ಕಡೆ ತಿರುಗಿದರು. ಅವರ ಮಂಜುಗಣ್ಣು ಭಾವನ ಬೂಟಿನಿಂದ ಶುರುವಾಗಿ ತಲೆಯ ತನಕ ಹೋಯಿತು.

"ಏನೋ, ನಿನ್ನನ್ನ ಆರಿಸಿದ್ದು ಫಲಕ ಕೊಡೋದಕ್ಕಲ್ವೇನೋ? ಬಟ್ಟೆ ತುಂಡಿನ ಹಾಗೇನೋ?"

ಮೇಷ್ಟ್ರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

"ಒಂದು ತುಂಡು ನೋಡಿ ಇಡೀ ಥಾನು ಹೀಗೇ ಇದೆ ಅಂತ ತಿಳ್ಕೊಳ್ತಾರೆ," ಎಂದರು ಅತ್ತೆ. "ನೀನು ಕುದುರೆ ಹಾಗೆ ಓಡಾಡಿದೆ. ಅವರು ನಾವೆಲ್ಲ ಕುದುರೆಗಳು ಅನ್ಕೊಂಡ್ರು."

ಅತ್ತೆ ಅಷ್ಟು ಹೇಳಿ ಪೇಪರಿನ ಕಡೆ ತಿರುಗಿದರು. ಬೈದಿದ್ದರೆ ಭಾವ ತಡೆದುಕೊಳ್ಳುತ್ತಿದ್ದರು.

ಮರುದಿನ ಭಾವ ರಜೆ ಹಾಕಿದರು. ಇಪ್ಪತ್ತೊಂದು ವರ್ಷದಲ್ಲಿ ಅದು ಅವರ ಎರಡನೇ ರಜೆ, ಮೊದಲನೆಯದು ಮದುವೆಗೆ. ನನ್ನನ್ನೂ ಕರೆದುಕೊಂಡು ಸಿಗ್ನಲ್ಲಿನ ಇಂಜಿನಿಯರ ಕಚೇರಿಗೆ ಹೋದರು.

"ಸಾರ್, ಹದಿಮೂರು ಸೆಕೆಂಡು ಸಾಲಲ್ಲ."

"ಯಾರಿಗೆ ಸಾಲಲ್ಲ?" ಇಂಜಿನಿಯರು ಫೈಲಿನಿಂದ ತಲೆ ಎತ್ತಲಿಲ್ಲ.

"ನಮ್ಮಮ್ಮಂಗೆ."

"ನಿಮ್ಮಮ್ಮ ಸೂತ್ರದಲ್ಲಿಲ್ಲ. ಸೂತ್ರದಲ್ಲಿ ಹದಿಮೂರು ಬಂದಿದೆ. ಸೂತ್ರ ಬದಲಾದ್ರೆ ಸೆಕೆಂಡು ಬದಲಾಗುತ್ತೆ. ಸೂತ್ರ ವಿಶ್ವವಿದ್ಯಾಲಯದಲ್ಲಿದೆ."

ವಿಶ್ವವಿದ್ಯಾಲಯದಲ್ಲಿ ಗಣಿತದ ಮೇಡಂ ಕೋಣೆ ಮೂರನೇ ಮಹಡಿಯಲ್ಲಿತ್ತು. ಭಾವ ಹತ್ತುವುದು ಎಷ್ಟು ನಿಧಾನವಾಯಿತೆಂದರೆ ನಾನು ಎರಡು ಸಲ ಇಳಿದು ಬಂದು ನೋಡಬೇಕಾಯಿತು. ಮೇಡಂ ನಮ್ಮನ್ನು ಕೂರಿಸಿ ನೀರು ಕೊಟ್ಟರು. ಭಾವ ನೀರು ಮುಟ್ಟಲಿಲ್ಲ.

"ಮೇಡಂ, ನಾನು ಹದಿನೇಳು."

"ಹದಿನೇಳು..." ಮೇಡಂ ಎದ್ದು ನಿಂತರು. "ಹದಿನೇಳು ನೀವಾ?"

ಅವರು ಗೋಡೆಯ ಮೇಲಿನ ಒಂದು ನಕ್ಷೆ ತೋರಿಸಿದರು. ಹತ್ತೊಂಬತ್ತು ಚುಕ್ಕೆಗಳು ಒಂದು ಮೂಲೆಯಲ್ಲಿ ಸಂಸಾರದಂತೆ ಕೂತಿದ್ದವು. ಒಂದು ಚುಕ್ಕೆ ಮಾತ್ರ ಚಾವಣಿಯ ಹತ್ತಿರ ಒಂಟಿಯಾಗಿತ್ತು.

"ನಿಮ್ಮ ಬಗ್ಗೆ ನಾವು ಎರಡು ಸಭೆ ಮಾಡಿದ್ವಿ ಸಾರ್. ಒಬ್ಬರು ಇವರು ಪತ್ರ ಹಂಚೋರು ಅಂದ್ರು. ಇನ್ನೊಬ್ಬರು ಡಬ್ಬೀನ ನಾಯಿಗೆ ಕಟ್ಟಿದಾರೆ ಅಂದ್ರು. ನಾನೇ ವಾದ ಮಾಡಿದೆ, ಯಾರ ಮಾಹಿತೀನೂ ಸುಮ್ಮನೆ ಕಿತ್ತುಹಾಕಬಾರದು, ಪಾಪ, ಅವರಿಗೆ ಏನೋ ಅವಸರ ಇರ್ಬೇಕು ಅಂತ." ಮೇಡಂ ಕುರ್ಚಿಯಲ್ಲಿ ಕುಸಿದರು. "ಉಳಿದ ಹತ್ತೊಂಬತ್ತು ಜನ ಸೇರಿ ಎಂಟುನೂರ ಮೂವತ್ತು ಸಲ ದಾಟಿದಾರೆ. ನೀವೊಬ್ಬರೇ ಸಾವಿರದ ನಾನೂರ ಹನ್ನೊಂದು ಸಲ. ಇಷ್ಟೊಂದು ಸಲ ಯಾಕೆ ಸಾರ್ ದಾಟಿದ್ರಿ? ಆ ಕಡೆ ಏನಿತ್ತು?"

"ಆ ಕಡೆ ಏನೂ ಇರ್ಲಿಲ್ಲ ಮೇಡಂ," ಎಂದರು ಭಾವ. "ನನ್ನ ಹೆಸರಿಗೆ ಕಾಗದ ಬಂದಿತ್ತು. ಮಾದರಿ ಅಂತ ಬರೆದಿತ್ತು. ನಾನು... ಒಳ್ಳೆಯವನು ಅಂತ ಆರಿಸಿದಾರೆ ಅನ್ಕೊಂಡೆ."

ಮೇಡಂ ಗೋಡೆಯ ಮೇಲಿನ ಒಂಟಿ ಚುಕ್ಕೆಯನ್ನು ನೋಡಿದರು. ಸಂಶೋಧನೆಯ ಪ್ರಬಂಧ ಅಚ್ಚಿಗೆ ಹೋಗಲು ಎರಡೇ ವಾರ ಇತ್ತು. ಕಾಗದದಲ್ಲಿ ಆ ಪದ ಬರೆದವರು ಅವರೇ. ಕೊನೆಗೆ ಒಂದು ನಿಟ್ಟುಸಿರು ಬಿಟ್ಟು, "ಹೆಸರನ್ನ ಕಂಪ್ಯೂಟರು ಎತ್ತಿತ್ತು ಸಾರ್, ಚೀಟಿ ಎತ್ತಿದ ಹಾಗೆ," ಎಂದರು. "ಇನ್ನೊಂದು ಸಲ ಅಳೆಯೋಣ. ಈ ಸಲ ವಯಸ್ಸಾದವರನ್ನೇ ಅಳೆಯೋಣ. ಮೊದಲು ನಿಮ್ಮ ತಾಯಿ."

ಅಳೆಯುವ ದಿನ ಬೀದಿಗೆ ಬೀದಿಯೇ ಸಿಗ್ನಲ್ಲಿನಲ್ಲಿ ಸೇರಿತ್ತು. ಇಂಜಿನಿಯರು ಅತ್ತೆ ದಾಟುವ ತನಕ ಹಸಿರನ್ನು ಕೈಯಿಂದಲೇ ನಿಲ್ಲಿಸಿಡಲು ಸಿಗ್ನಲ್ಲಿನ ಪೆಟ್ಟಿಗೆ ತೆರೆದು ನಿಂತಿದ್ದರು. ಮೇಡಂ ಕೈಯಲ್ಲಿ ಗಡಿಯಾರ. ಯಾರೂ ಜೊತೆಗೆ ಹೋಗಬಾರದು, ನಿಧಾನ ಎಂದಾಗಲೀ ಬೇಗ ಎಂದಾಗಲೀ ಹೇಳಬಾರದು, ಹೇಳಿದರೆ ಲೆಕ್ಕಕ್ಕಿಲ್ಲ ಎಂದು ಕಟ್ಟುನಿಟ್ಟು ಮಾಡಿದ್ದರು. ಅತ್ತೆಯ ಸೊಂಟದಲ್ಲಿ ಡಬ್ಬಿ, ಕಂಕುಳಲ್ಲಿ ಪೇಪರು.

ಆಗ ನಾನು ಅತ್ತೆಯ ಕಾಲು ನೋಡಿದೆ. ಅವರು ಯಾರಿಗೂ ಹೇಳದೆ ಬೆಳಿಗ್ಗೆ ನನ್ನ ಅಂಗಡಿಯಿಂದ ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದರು.

"ಅತ್ತೆ, ಇದೇನು?"

"ತುಂಡೇ ಇರ್ಲಿ ಕಣೋ," ಎಂದರು ಅತ್ತೆ ಮೆಲ್ಲಗೆ. "ಒಳ್ಳೆ ತುಂಡು ಅನ್ನಿಸ್ಕೋಬೇಕಲ್ಲ."

ಹಸಿರು ಹತ್ತಿತು. ಅತ್ತೆ ಎದೆಯುಬ್ಬಿಸಿದರು, ಗಲ್ಲ ಮೇಲೆತ್ತಿದರು, ಹೊರಟರು. ಈ ಸಂಸಾರದ ರಕ್ತದಲ್ಲೇ ಅದಿದೆ ಎಂದು ಅಕ್ಕ ಹಣೆ ಚಚ್ಚಿಕೊಂಡಳು. ಮೊಣಕಾಲು ನೋವು ಎಲ್ಲಿಗೆ ಹೋಯಿತೋ, ಅತ್ತೆ ದಾಪುಗಾಲು ಹಾಕುತ್ತಿದ್ದರು. ಹೀಗೇ ಹೋದರೆ ಹದಿನೈದು ಸೆಕೆಂಡು. ಹದಿನೈದೆಂದು ಬರೆದುಕೊಂಡರೆ, ನಾಳೆ ನಾಲ್ಕು ಗಂಟೆಗೆ, ನಾಡಿದ್ದು ನಾಲ್ಕು ಗಂಟೆಗೆ, ಇನ್ನು ಅವರಿರುವಷ್ಟು ದಿನವೂ, ಅವರು ಈ ಸ್ಟೂಲಿನ ಮೇಲೇ. ಭಾವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಕಣ್ಣಲ್ಲಿ ನೀರು ತುಂಬಿತ್ತು.

ಆಗ ಆಚೆ ಫುಟ್‌ಪಾತಿನಿಂದ ಚಿಕ್ಕಮ್ಮನ ದನಿ ಕೇಳಿಸಿತು.

"ಅಕ್ಕಾ! ಅಡ್ಡಸಾಲು ಹನ್ನೊಂದು! ಅವಸರವಿಲ್ಲದ್ದು! ನಾಲ್ಕಕ್ಷರ!"

ಅತ್ತೆಯ ಕಾಲು ತಡೆಯಿತು. ಹನ್ನೆರಡು ವರ್ಷದಿಂದ ಈ ರಸ್ತೆಯಲ್ಲಿ ಅವರು ಹೀಗೇ ನಡೆದವರು, ತಲೆಯಲ್ಲಿ ಒಂದು ಪದ ಹುಡುಕುತ್ತ. ಗಲ್ಲ ಕೆಳಗಿಳಿಯಿತು. ತುಟಿ ಅಲ್ಲಾಡತೊಡಗಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಡಬ್ಬಿ, ಮೇಡಂ, ಬೀದಿಯ ಜನ ಎಲ್ಲವನ್ನೂ ಅವರು ಮರೆತುಬಿಟ್ಟರು. ಮೇಡಂ ಚಿಕ್ಕಮ್ಮನ ಕಡೆ ಹುಬ್ಬು ಗಂಟಿಕ್ಕಿ ನೋಡಿದರು, ಆದರೆ ಪದಬಂಧ ಕೇಳಬಾರದೆಂದು ನಿಯಮದಲ್ಲಿರಲಿಲ್ಲ.

ಆಚೆಯ ಫುಟ್‌ಪಾತ್ ಹತ್ತಿದ ಮೇಲೆ ಅತ್ತೆ ತಲೆಯೆತ್ತಿ, "ಸಾವಕಾಶ!" ಎಂದರು.

ಇಪ್ಪತ್ತೈದು ಸೆಕೆಂಡು.

ಆ ವಾರ ಇನ್ನೂ ಮೂವತ್ತು ಮಂದಿ ವಯಸ್ಸಾದವರನ್ನು ಅಳೆದರು. ತಿಂಗಳು ತುಂಬುವುದರೊಳಗೆ ಹಸಿರು ಇಪ್ಪತ್ತೆಂಟು ಸೆಕೆಂಡಾಯಿತು. ನಾನು ಕುತೂಹಲಕ್ಕೆ ಅತ್ತೆಯನ್ನು ಅಳೆದ ದಿನದ ಪೇಪರು ತೆಗೆದು ನೋಡಿದೆ. ಅಡ್ಡಸಾಲು ಹನ್ನೊಂದರಲ್ಲಿ ಒಂದು ಹಕ್ಕಿಯ ಹೆಸರಿತ್ತು, ಎರಡಕ್ಷರ. ಚಿಕ್ಕಮ್ಮನನ್ನು ಕೇಳಿದ್ದಕ್ಕೆ "ನಂಗೆ ಈಗೀಗ ಕಣ್ಣು ಸರಿಯಾಗಿ ಕಾಣಲ್ಲಪ್ಪಾ," ಎಂದು ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸಿದರು.

ಭಾವನ ಹೆಸರಿಗೆ ಎರಡನೇ ಲಕೋಟೆ ಬಂತು. ಅಚ್ಚಾದ ಪ್ರಬಂಧದ ಒಂದು ಪ್ರತಿ. ಮೇಷ್ಟ್ರು ಈ ಸಲ ಮನಸ್ಸಿನಲ್ಲೇ ಓದಿ ಮಡಿಸಿಡಲು ನೋಡಿದರು, ಭಾವ ಬಿಡಲಿಲ್ಲ. ಒಂಬತ್ತನೇ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: 'ಮಾದರಿ ಸಂಖ್ಯೆ ಹದಿನೇಳನ್ನು ಕೈಬಿಡಲಾಗಿದೆ. ಕಾರಣ: ಮನುಷ್ಯರು ಹೀಗೆ ನಡೆಯುವುದಿಲ್ಲ.'

ಭಾವ ಅದನ್ನು ಕಚೇರಿಗೆ ಒಯ್ದು ಆವಕ ಪುಸ್ತಕದಲ್ಲಿ ನಮೂದಿಸಿದರಂತೆ. ವಿಷಯ ಎಂಬಲ್ಲಿ 'ಕೈಬಿಟ್ಟ ಬಗ್ಗೆ' ಎಂದು ಬರೆದರಂತೆ.

ಈಗ ರಜೆಯ ದಿನ ನಾಲ್ಕಕ್ಕೆ ಅವರೂ ಅತ್ತೆಯ ಜೊತೆ ಮಹಡಿ ಇಳಿಯುತ್ತಾರೆ. ಕೈ ಹಿಡಿಯುವುದಿಲ್ಲ, ಒಂದು ಹೆಜ್ಜೆ ಹಿಂದೆ, ಪೇಪರು ಹಿಡಿದುಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಮೊನ್ನೆ ಕ್ಷೌರದವನು ಬಾಗಿಲಿಗೆ ಬಂದು, "ಏನ್ ಸಾರ್, ಇವತ್ತು ನಿಮ್ಮನ್ನ ಅಳೀತಿಲ್ವಾ, ಇಷ್ಟು ನಿಧಾನ?" ಎಂದು ಕಿಚಾಯಿಸಿದ.

"ಎಂದಿನಂತೆ ನಡೀತಿದೀವಪ್ಪಾ," ಎಂದರು ಭಾವ.

ಇನ್ನೂ ಮೂರು ಸೆಕೆಂಡು ಮಿಕ್ಕಿತ್ತು. ತಾಯಿ ಮಗ ಇಬ್ಬರೂ ಆಚೆ ಫುಟ್‌ಪಾತಿನಲ್ಲಿ ತಿರುಗಿ ನಿಂತು, ತಮಗಾಗಿ ನಿಂತಿದ್ದ ಕಾರುಗಳನ್ನು ನೋಡಿದರು.